ತೆರಿಗೆಯೂ ಊರಿನದೇ, ಲೆಕ್ಕವೂ ಊರಿಗೇ

ಅರವತ್ತು ಲಕ್ಷ ಜನರ ಡೆನ್ಮಾರ್ಕ್‌ನಲ್ಲಿ ಸರ್ಕಾರಿ ಖರ್ಚಿನ ಶೇ 60ಕ್ಕೂ ಹೆಚ್ಚು ಭಾಗ ಸ್ಥಳೀಯ ಸಂಸ್ಥೆಗಳ ಕೈಯಿಂದಲೇ ಆಗುತ್ತದೆ. ಆ ಹಣ ಎಲ್ಲಿಂದ ಬರುತ್ತದೆ, ಅದಕ್ಕೆ ಲಗಾಮು ಹಾಕುವವರು ಯಾರು?

ಡೆನ್ಮಾರ್ಕ್‌ನವರಿಗೆ ಸೆಪ್ಟೆಂಬರ್ 5 ಹಬ್ಬವೂ ಅಲ್ಲ, ರಜೆಯೂ ಅಲ್ಲ. ಆದರೆ ಅಲ್ಲಿನ ಊರುಗಳ ಬೊಕ್ಕಸಕ್ಕೆ ಅದು ವರ್ಷದ ಬಹು ಮುಖ್ಯ ದಿನ. ಅಂದು ಒಬ್ಬರ ವಿಳಾಸ ಯಾವ ಊರಿನ ದಾಖಲೆಯಲ್ಲಿ ಇರುತ್ತದೋ, ಮುಂದಿನ ಇಡೀ ವರ್ಷ ಅವರ ಸ್ಥಳೀಯ ಆದಾಯ ತೆರಿಗೆ ಆ ಊರಿಗೇ ಸೇರುತ್ತದೆ. ಮರುದಿನವೇ ಗಂಟುಮೂಟೆ ಕಟ್ಟಿ ಪಕ್ಕದ ಊರಿಗೆ ಹೋದರೂ ಲೆಕ್ಕ ಬದಲಾಗುವುದಿಲ್ಲ. ಮೊತ್ತವೂ ಚಿಲ್ಲರೆಯದಲ್ಲ, ತೆರಿಗೆಗೆ ಒಳಪಡುವ ಆದಾಯದಲ್ಲಿ ಸರಾಸರಿ ಶೇ 25.

ಆದಾಯ ತೆರಿಗೆ ಎಂದೊಡನೆ ನಮಗೆ ನೆನಪಾಗುವುದು ಕೇಂದ್ರ ಸರ್ಕಾರ. ಡೆನ್ಮಾರ್ಕ್‌ನ ಸಾಮಾನ್ಯ ಸಂಬಳದಾರನ ವಿಷಯ ಬೇರೆ. ದೇಶದ ಸರ್ಕಾರ ಅವನಿಂದ ಪಡೆಯುವ ಮೊದಲ ಹಂತದ ಆದಾಯ ತೆರಿಗೆ ಶೇ 12ರ ಆಸುಪಾಸಿನದು. ಊರಿನ ಸಂಸ್ಥೆ ಪಡೆಯುವುದು ಅದರ ಎರಡರಷ್ಟು. ದರ ಎಷ್ಟಿರಬೇಕೆಂದು ಗೊತ್ತುಮಾಡುವವರು ಅವನ ಮಗಳ ಶಾಲೆಗೆ ಬಣ್ಣ ಹೊಡೆಸುವವರು, ಅವನ ಅಜ್ಜಿಯ ಮನೆಗೆ ಆರೈಕೆಯವರನ್ನು ಕಳಿಸುವವರು. ಖರ್ಚು ಮಾಡುವವರೇ ತೆರಿಗೆಯನ್ನೂ ಕೇಳಬೇಕು ಎಂಬ ಈ ಒಂದು ನಿಯಮದ ಮೇಲೆ ಅಲ್ಲಿನ ಇಡೀ ವ್ಯವಸ್ಥೆ ನಿಂತಿದೆ. ಅದು ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ಸ್ಥಳೀಯ ಆಡಳಿತ ಬಲವಾಗಿದೆ, ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಕುಂಟುತ್ತಿದೆ.

ಬಡವರು ಮತ್ತು ಶಾಲೆ

ವಿಸ್ತೀರ್ಣದಲ್ಲಿ ಡೆನ್ಮಾರ್ಕ್ ಕರ್ನಾಟಕದ ಕಾಲು ಭಾಗಕ್ಕಿಂತಲೂ ಚಿಕ್ಕದು. ಇಡೀ ದೇಶದಲ್ಲಿ ಈಗ 98 ಸ್ಥಳೀಯ ಸಂಸ್ಥೆಗಳಿವೆ. ‘ಕೊಮ್ಯೂನ್’ ಎಂದು ಅವುಗಳ ಹೆಸರು. ನಗರಕ್ಕೊಂದು ಬಗೆ, ಹಳ್ಳಿಗೊಂದು ಬಗೆ ಎಂಬ ಭೇದವಿಲ್ಲ. ಆರೂವರೆ ಲಕ್ಷ ದಾಟಿದ ಕೋಪನ್‌ಹೇಗನ್ ಒಂದು ಕೊಮ್ಯೂನ್; ಎರಡು ಸಾವಿರವೂ ತುಂಬದ ಲೆಸೋ ದ್ವೀಪವೂ ಒಂದು ಕೊಮ್ಯೂನ್. ಕಾನೂನಿನ ಕಣ್ಣಿಗೆ ಎರಡರ ಹೊಣೆಯೂ ಹೆಚ್ಚುಕಡಿಮೆ ಒಂದೇ.

ಬೇರು ಹಳೆಯದು. 1803ರ ಬಡವರ ಪೋಷಣೆಯ ಕಾನೂನು, 1814ರ ಶಾಲಾ ಕಾನೂನು ಎರಡೂ ಊರಿನ ಚರ್ಚ್‌ ಎಲ್ಲೆಯನ್ನೇ ಆಡಳಿತದ ಘಟಕವನ್ನಾಗಿ ಮಾಡಿಕೊಂಡವು. ದಿಕ್ಕಿಲ್ಲದವರಿಗೆ ಅನ್ನ ಹಾಕುವುದು, ಮಕ್ಕಳಿಗೆ ಅಕ್ಷರ ಕಲಿಸುವುದು ಆಯಾ ಊರಿನ ಹೊಣೆಯಾಯಿತು. ಚುನಾಯಿತ ಮಂಡಳಿಗಳು ಬಂದದ್ದು ಆಮೇಲೆ, ಪಟ್ಟಣಗಳಿಗೆ 1837ರಲ್ಲಿ, ಹಳ್ಳಿಗಳಿಗೆ 1841ರಲ್ಲಿ. ಅಂದರೆ 1849ರಲ್ಲಿ ದೇಶಕ್ಕೆ ಸಂವಿಧಾನ ಬರುವ ಮೊದಲೇ ಊರುಗಳಿಗೆ ಮಂಡಳಿ ಬಂದಿತ್ತು. ಮಹಿಳೆಯರ ಮತದ ಕಥೆಯೂ ಹೀಗೆಯೇ: ಸಂಸತ್ತಿಗೆ ಮತ ಹಾಕುವ ಹಕ್ಕಿಗಾಗಿ ಅವರು 1915ರ ತನಕ ಕಾಯಬೇಕಾಯಿತು, ಊರಿನ ಚುನಾವಣೆಯಲ್ಲಿ 1909ರಲ್ಲೇ ಮತ ಹಾಕಿದ್ದರು.

ಬಡವರು ಮತ್ತು ಶಾಲೆ ಎಂಬ ಆ ಎರಡು ಕೆಲಸಗಳೇ ಇಂದಿಗೂ ಕೊಮ್ಯೂನಿನ ಬಜೆಟ್ಟನ್ನು ನುಂಗುವುದು. ವ್ಯಾಪ್ತಿ ಮಾತ್ರ ಹಿಗ್ಗಿದೆ. ಶಿಶುವಿಹಾರ, ಹತ್ತು ವರ್ಷದ ಕಡ್ಡಾಯ ಶಿಕ್ಷಣದ ಶಾಲೆ, ವೃದ್ಧರ ಮನೆಗೇ ಬಂದು ಸ್ನಾನ ಮಾಡಿಸಿ ಮಾತ್ರೆ ಕೊಡುವ ಆರೈಕೆ, ವೃದ್ಧಾಶ್ರಮ, ಅಂಗವಿಕಲರ ನೆರವು, ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡುವ ಕೇಂದ್ರ, ಗ್ರಂಥಾಲಯ, ಊರೊಳಗಿನ ರಸ್ತೆ, ಕಟ್ಟಡ ಪರವಾನಗಿ, ಕಸ ಎಲ್ಲವೂ ಇದರ ಪಾಲಿಗೆ ಬಂದಿವೆ. ಮಗುವಿಗೆ ಆರು ತಿಂಗಳಾದ ಮೇಲೆ ಶಿಶುವಿಹಾರದಲ್ಲಿ ಜಾಗ ಕೊಡಲೇಬೇಕು. ಅದರ ಖರ್ಚಿನಲ್ಲಿ ತಂದೆ-ತಾಯಿಯಿಂದ ವಸೂಲು ಮಾಡಬಹುದಾದದ್ದು ಹೆಚ್ಚೆಂದರೆ ಶೇ 25; ಉಳಿದದ್ದು ಬೊಕ್ಕಸದ್ದು.

ಗದ್ದುಗೆ ಒಬ್ಬರದಲ್ಲ

ನಾಲ್ಕು ವರ್ಷಕ್ಕೊಮ್ಮೆ ನವೆಂಬರ್ ತಿಂಗಳ ಮೂರನೇ ಮಂಗಳವಾರ ಚುನಾವಣೆ. ಎಲ್ಲ 98 ಕೊಮ್ಯೂನ್‌ಗಳಿಗೂ ಒಂದೇ ದಿನ. ದಿನ ಕಾನೂನಿನಲ್ಲೇ ಬರೆದಿರುವುದರಿಂದ ಆಳುವವರ ಅನುಕೂಲ ನೋಡಿ ಹಿಂದೆಮುಂದೆ ತಳ್ಳುವ ಮಾತಿಲ್ಲ. ನಡುವೆ ಕೌನ್ಸಿಲನ್ನು ಸೂಪರ್‌ಸೀಡ್ ಮಾಡುವ ಅಧಿಕಾರವೂ ಸರ್ಕಾರಕ್ಕಿಲ್ಲ. ಜಗಳವಾಡಿದರೂ ಮುನಿಸಿಕೊಂಡರೂ ಗೆದ್ದವರು ನಾಲ್ಕು ವರ್ಷ ಒಂದೇ ಸಭಾಂಗಣದಲ್ಲಿ ಏಗಬೇಕು. 2013ರಲ್ಲಿ ಶೇ 71.9ರಷ್ಟು, 2021ರಲ್ಲಿ ಶೇ 67.2ರಷ್ಟು ಮತದಾನವಾಗಿತ್ತು. ಮತ ಹಾಕುವುದು ಕಡ್ಡಾಯವಲ್ಲದ ದೇಶದಲ್ಲಿ, ಅದೂ ಊರಿನ ಚುನಾವಣೆಗೆ, ಇದು ಸಣ್ಣ ಸಂಖ್ಯೆಯಲ್ಲ.

ಮತದಾರರ ಪಟ್ಟಿಯಲ್ಲಿ ಪೌರತ್ವವಿಲ್ಲದವರೂ ಇರುತ್ತಾರೆ. 1981ರಿಂದ ಈಚೆಗೆ, ಕೆಲವು ವರ್ಷ ಅಲ್ಲಿ ಕಾಯಂ ಆಗಿ ನೆಲೆಸಿದ ಯಾವ ದೇಶದವರೇ ಆದರೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು, ಸ್ಪರ್ಧಿಸಲೂಬಹುದು. ಬೆಂಗಳೂರಿನಿಂದ ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಯೂರಿದ ಎಂಜಿನಿಯರ್‌ಗೂ ಈ ಹಕ್ಕು ಉಂಟು. ಸಂಸತ್ತಿನ ಚುನಾವಣೆಗೆ ಮಾತ್ರ ಪೌರತ್ವ ಬೇಕು. ತರ್ಕ ಸರಳ. ಸಂಬಳದ ಚೀಟಿಯಲ್ಲಿ ಊರಿನ ತೆರಿಗೆ ಕಡಿತವಾಗುತ್ತಿರುವಾಗ, ಆ ಊರಿನ ಶಾಲೆಗೆ ಮಗು ಹೋಗುತ್ತಿರುವಾಗ, ಪಾಸ್‌ಪೋರ್ಟಿನ ಬಣ್ಣ ನೋಡಿ ಮತ ನಿರಾಕರಿಸಲು ಕಾರಣ ಸಿಗುವುದಿಲ್ಲ.

ಕೌನ್ಸಿಲ್‌ನಲ್ಲಿ ಬೆಸ ಸಂಖ್ಯೆಯ ಸದಸ್ಯರು, 9ರಿಂದ 31 ಜನ. ಕೋಪನ್‌ಹೇಗನ್‌ಗೆ ಮಾತ್ರ 55. ದೇಶದಾದ್ಯಂತ ಸುಮಾರು 2,400 ಸದಸ್ಯರು. ಬಹುತೇಕರು ಹಗಲು ತಮ್ಮ ಕೆಲಸ ಮಾಡಿಕೊಂಡು ಸಂಜೆ ಸಭೆಗೆ ಬರುವ ಶಿಕ್ಷಕರು, ರೈತರು, ದಾದಿಯರು, ಗುಮಾಸ್ತರು. ಪೂರ್ಣಾವಧಿಯ ಸಂಬಳ ಇರುವುದು ಮೇಯರ್‌ಗೆ. ಅವರನ್ನು ಜನ ನೇರವಾಗಿ ಆರಿಸುವುದಿಲ್ಲ, ಸದಸ್ಯರು ತಮ್ಮೊಳಗಿನಿಂದ ಆರಿಸುತ್ತಾರೆ. ಮತ ಎಣಿಕೆಯ ರಾತ್ರಿ ಪಕ್ಷಗಳು ಬೆಳಗಿನ ಜಾವದವರೆಗೆ ಚೌಕಾಸಿ ನಡೆಸಿ, ಮೇಯರ್ ಯಾರು, ಯಾವ ಸಮಿತಿ ಯಾರಿಗೆ ಎಂದು ಬರೆದು ಸಹಿ ಹಾಕಿಕೊಳ್ಳುವುದು ಅಲ್ಲಿನ ರಾಜಕೀಯದ ಮಾಮೂಲು.

ಮೇಯರ್ ಸರ್ವಾಧಿಕಾರಿ ಆಗದಂತೆ ನೋಡಿಕೊಳ್ಳುವುದು ಸ್ಥಾಯಿ ಸಮಿತಿಗಳು. ದಿನನಿತ್ಯದ ಆಡಳಿತ ಕಾನೂನಿನ ಪ್ರಕಾರ ಅವುಗಳ ಕೈಯಲ್ಲಿದೆ. ಸಮಿತಿಯ ಸ್ಥಾನಗಳು ಪಕ್ಷಗಳ ಬಲಾಬಲಕ್ಕೆ ತಕ್ಕಂತೆ ಹಂಚಿಕೆಯಾಗುವುದರಿಂದ ಸೋತವರನ್ನು ಹೊರಗೆ ಕೂರಿಸಿ ಆಳಲು ಬರುವುದಿಲ್ಲ. ಹಣಕಾಸು ಸಮಿತಿ ಎಲ್ಲ ಕಡೆಯೂ ಕಡ್ಡಾಯ. ಅದಕ್ಕೆ ಮೇಯರ್ ಅಧ್ಯಕ್ಷ. ಬಜೆಟ್ಟಿಗೆ ಕೌನ್ಸಿಲ್‌ನಲ್ಲಿ ಎರಡು ಸುತ್ತಿನ ಚರ್ಚೆ ಆಗಲೇಬೇಕು, ಎರಡನೆಯದು ಅಕ್ಟೋಬರ್ 15ರೊಳಗೆ ಮುಗಿಯಬೇಕು. ಮುಂದಿನ ವರ್ಷದ ತೆರಿಗೆ ದರವೂ ಅದೇ ಬೈಠಕ್ಕಿನಲ್ಲಿ ತೀರ್ಮಾನವಾಗುತ್ತದೆ. ಈಜುಕೊಳ ಬೇಕೆಂದು ಕೈ ಎತ್ತಿದವರೇ ತೆರಿಗೆಗೂ ಕೈ ಎತ್ತಬೇಕು.

ಮೂರು ಮೂಲ, ಒಂದು ತಕ್ಕಡಿ

ಕೊಮ್ಯೂನಿನ ಆದಾಯದಲ್ಲಿ ದೊಡ್ಡದು ತೆರಿಗೆ. ಅದರಲ್ಲೂ ಸಿಂಹಪಾಲು ಆದಾಯ ತೆರಿಗೆಯದು. 1970ರಿಂದ ಇದು ಸಂಬಳದ ಮೂಲದಲ್ಲೇ ಕಡಿತವಾಗುತ್ತದೆ. ವಸೂಲಿ ದೇಶದ ತೆರಿಗೆ ಇಲಾಖೆಯದು. ಅದು ಪ್ರತಿ ತಿಂಗಳೂ ಆಯಾ ಕೊಮ್ಯೂನಿಗೆ ಕಂತು ಕಳಿಸುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಮುಂದಿನ ವರ್ಷ ಊರಿನವರ ಆದಾಯ ಎಷ್ಟಾಗಬಹುದು ಎಂಬುದನ್ನು ಮೊದಲೇ ಅಂದಾಜು ಮಾಡಬೇಕಲ್ಲ? ಅದಕ್ಕೆ ಪ್ರತಿ ಶರತ್ಕಾಲದಲ್ಲಿ ಕೌನ್ಸಿಲ್ ಮುಂದೆ ಎರಡು ದಾರಿ. ಸರ್ಕಾರ ಲೆಕ್ಕ ಹಾಕಿ ಖಾತರಿ ಕೊಟ್ಟ ಮೊತ್ತವನ್ನು ಒಪ್ಪಿಕೊಳ್ಳುವುದು ಒಂದು. ಆಮೇಲೆ ಆದಾಯ ಇಳಿದರೂ ಏರಿದರೂ ಅದು ಅಷ್ಟೇ. ಇನ್ನೊಂದು, ತನ್ನದೇ ಅಂದಾಜಿನ ಮೇಲೆ ನಿಲ್ಲುವುದು. ಅಂದಾಜು ಸರಿಬಂದರೆ ಲಾಭ ತನ್ನದು, ತಪ್ಪಿದರೆ ಮೂರು ವರ್ಷದ ಬಳಿಕ ಲೆಕ್ಕ ಚುಕ್ತಾ ಮಾಡುವಾಗ ವ್ಯತ್ಯಾಸ ಕಟ್ಟಿಕೊಡಬೇಕು. ಬಹುಪಾಲು ಕೊಮ್ಯೂನ್‌ಗಳು ಖಾತರಿಯ ದಾರಿಯನ್ನೇ ಹಿಡಿಯುತ್ತವೆ. ಹೊಸ ಬಡಾವಣೆಗಳಿಗೆ ಜನ ಬಂದು ತುಂಬಿಕೊಳ್ಳುತ್ತಿರುವ ಊರುಗಳಿಗೆ ಎರಡನೆಯದರ ಆಸೆ ಹುಟ್ಟುವುದೂ ಉಂಟು.

ತೆರಿಗೆಯ ಇನ್ನೊಂದು ಕವಲು ಭೂಮಿಯದು. ನಿವೇಶನದ ಬೆಲೆಯ ಮೇಲೆ ಮಾತ್ರ ಇದನ್ನು ಹಾಕುತ್ತಾರೆ, ಮೇಲೆ ಕಟ್ಟಿದ ಮನೆಗೆ ಹಾಕುವುದಿಲ್ಲ. ಭೂಮಿಯ ಬೆಲೆ ಏರುವುದು ಊರಿನ ಒಟ್ಟು ಬೆಳವಣಿಗೆಯಿಂದ, ಆದ್ದರಿಂದ ಆ ಏರಿಕೆಯಲ್ಲಿ ಊರಿಗೂ ಪಾಲಿರಬೇಕು ಎಂಬುದು ಅಮೆರಿಕದ ಹೆನ್ರಿ ಜಾರ್ಜ್ ಮುಂದಿಟ್ಟ ವಾದ. ಇದನ್ನು ಡೆನ್ಮಾರ್ಕ್‌ನಲ್ಲಿ ಎತ್ತಿ ಹಿಡಿದವರು ತುಂಡು ಭೂಮಿಯ ಸಣ್ಣ ರೈತರು. 1902ರಲ್ಲಿ ಕೋಗೆ ಎಂಬ ಪಟ್ಟಣದಲ್ಲಿ ಸೇರಿ ಅವರು ನಿರ್ಣಯ ಮಾಡಿದರು. 1920ರ ದಶಕದಲ್ಲಿ ಅದು ಕಾನೂನಾಯಿತು. ಕಂಪನಿ ತೆರಿಗೆಯಲ್ಲೂ ಕೊಮ್ಯೂನ್‌ಗಳಿಗೆ ಒಂದು ಸಣ್ಣ ಪಾಲಿದೆ.

ಎರಡನೆಯ ಮೂಲ ಸರ್ಕಾರದ ಇಡುಗಂಟಿನ ಅನುದಾನ. ಇದು ಮುಖ್ಯವಾಗಿ ಜನಸಂಖ್ಯೆಯ ಲೆಕ್ಕದಲ್ಲಿ ಬರುತ್ತದೆ. ‘ಇದು ರಸ್ತೆಗೆ, ಇದು ಶೌಚಾಲಯಕ್ಕೆ’ ಎಂಬ ಚೀಟಿ ಅಂಟಿಸಿ ಬರುವುದಿಲ್ಲ. ಎಲ್ಲಿ ಖರ್ಚು ಮಾಡಬೇಕೆಂಬುದು ಕೌನ್ಸಿಲ್‌ಗೆ ಬಿಟ್ಟದ್ದು.

ಮೂರನೆಯದು ಮರುಪಾವತಿ. ನಿರುದ್ಯೋಗಿಗೆ, ಕಾಯಿಲೆ ಬಿದ್ದವನಿಗೆ ಕೊಮ್ಯೂನ್ ಕೊಡುವ ಭತ್ಯೆಯಲ್ಲಿ ಒಂದಂಶವನ್ನು ಸರ್ಕಾರ ತುಂಬಿಕೊಡುತ್ತದೆ. 2016ರಿಂದ ಇದಕ್ಕೊಂದು ಇಳಿಜಾರಿನ ಲೆಕ್ಕ ಇದೆ. ಮೊದಲ ನಾಲ್ಕು ವಾರ ಶೇ 80, ಆಮೇಲೆ ಆರು ತಿಂಗಳವರೆಗೆ ಶೇ 40, ವರ್ಷ ತುಂಬುವವರೆಗೆ ಶೇ 30, ಬಳಿಕ ಶೇ 20 ಮಾತ್ರ. ವ್ಯಕ್ತಿ ಕೆಲಸವಿಲ್ಲದೆ ಕುಳಿತಷ್ಟೂ ಊರಿನ ಬೊಕ್ಕಸದ ಹೊರೆ ಏರುತ್ತದೆ, ಹಾಗಾಗಿ ಬೇಗ ಕೆಲಸಕ್ಕೆ ಹಚ್ಚಲು ಊರೇ ಓಡಾಡುತ್ತದೆ ಎಂಬುದು ಇದರ ಹಿಂದಿನ ಉಪಾಯ. ಇದರಲ್ಲಿ ಒಂದು ಕಹಿಯೂ ಇದೆ. ಕಾರ್ಖಾನೆ ಮುಚ್ಚಿದ ಊರು, ಕೆಲಸವೇ ಇಲ್ಲದ ಕಡೆ ಜನರಿಗೆ ಕೆಲಸ ಹುಡುಕಲಾರದೆ, ತನ್ನದಲ್ಲದ ತಪ್ಪಿಗೆ ದಂಡ ತೆತ್ತಂತಾಗುತ್ತದೆ.

ಇಂಥ ಊರುಗಳಿಗಾಗಿಯೇ ತಕ್ಕಡಿ ಸರಿದೂಗಿಸುವ ಏರ್ಪಾಡು. ಕೋಪನ್‌ಹೇಗನ್‌ನ ಉತ್ತರಕ್ಕಿರುವ ಗೆಂಟೊಫ್ಟೆ, ರೂಡರ್ಸ್‌ಡಾಲ್‌ಗಳಲ್ಲಿ ಸಿರಿವಂತರಿದ್ದಾರೆ. ದಕ್ಷಿಣದ ಲೋಲಂಡ್, ಲಾಂಗೆಲಂಡ್ ದ್ವೀಪಗಳಲ್ಲಿ ವಯಸ್ಸಾದವರು, ಕಡಿಮೆ ಆದಾಯದವರು ಹೆಚ್ಚು. ಒಂದೇ ದರದಲ್ಲಿ ತೆರಿಗೆ ಹಾಕಿದರೆ ಒಂದು ಕಡೆ ಹಣ ಉಕ್ಕುತ್ತದೆ, ಇನ್ನೊಂದು ಕಡೆ ಶಾಲೆಯ ದೀಪ ಉರಿಯುವುದೂ ಕಷ್ಟ. ಆದ್ದರಿಂದ ಸರಾಸರಿಗಿಂತ ಮೇಲಿರುವ ತೆರಿಗೆ ಬಲದಲ್ಲಿ ಬಹುಭಾಗವನ್ನು ಶ್ರೀಮಂತ ಊರುಗಳಿಂದ ಪಡೆದು ಕೆಳಗಿರುವವರಿಗೆ ಕೊಡಲಾಗುತ್ತದೆ. 2020ರ ಸುಧಾರಣೆಯ ಬಳಿಕ ಈ ಸರಿದೂಗಿಸುವಿಕೆಯ ಮಟ್ಟ ಶೇ 75. ಆದಾಯ ನೋಡುವುದಷ್ಟೇ ಅಲ್ಲ, ಊರಿನಲ್ಲಿ ಮಕ್ಕಳೆಷ್ಟು, ಮುದುಕರೆಷ್ಟು, ಕೆಲಸವಿಲ್ಲದವರೆಷ್ಟು ಎಂದು ಅಗತ್ಯವನ್ನೂ ತೂಗುತ್ತಾರೆ. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಧಾಟಿಯ ಗೊಣಗಾಟ ಉತ್ತರದ ಉಪನಗರಗಳಿಂದ ಪ್ರತಿ ಬಾರಿಯೂ ಕೇಳಿಬರುತ್ತದೆ. ಸೂತ್ರದ ಒಂದು ಅಂಶ ಬದಲಾದರೂ ಸಂಸತ್ತಿನಲ್ಲಿ ಗುಡುಗು. ಆದರೆ ಸರಿದೂಗಿಸುವುದನ್ನೇ ಕೈಬಿಡಿ ಎನ್ನುವವರು ಕಡಿಮೆ. ಬಡ ಊರಿನ ಮಗುವಿಗೆ ಬಡ ಶಾಲೆಯೇ ಗತಿಯೆಂಬುದನ್ನು ಆ ಸಮಾಜ ಒಪ್ಪುವುದಿಲ್ಲ.

ಜೂನ್ ತಿಂಗಳ ಒಪ್ಪಂದ

ಇಷ್ಟು ಕೇಳಿದ ಮೇಲೆ ಕೊಮ್ಯೂನ್‌ಗಳು ಸ್ವತಂತ್ರ ಗಣರಾಜ್ಯಗಳೇನೋ ಅನ್ನಿಸಬಹುದು. ಹಾಗಿಲ್ಲ. ಸಂವಿಧಾನದ 82ನೇ ಕಲಮು ಊರುಗಳಿಗೆ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಹಕ್ಕನ್ನು ಕೊಡುತ್ತದೆ, ಆದರೆ ಸರ್ಕಾರದ ಮೇಲ್ವಿಚಾರಣೆಯಲ್ಲಿ. ಎಷ್ಟು ಹಕ್ಕು ಎಂಬುದನ್ನು ಸಂಸತ್ತಿನ ಕಾನೂನು ಹೇಳಬೇಕು.

ನಿಜವಾದ ಮೂಗುದಾರ ಇರುವುದು ಪ್ರತಿ ಬೇಸಿಗೆಯ ಮಾತುಕತೆಯಲ್ಲಿ. ಕೊಮ್ಯೂನ್‌ಗಳ ರಾಷ್ಟ್ರೀಯ ಸಂಘಕ್ಕೂ ಹಣಕಾಸು ಸಚಿವಾಲಯಕ್ಕೂ ಸಾಮಾನ್ಯವಾಗಿ ಜೂನ್ ಹೊತ್ತಿಗೆ ಒಪ್ಪಂದವಾಗುತ್ತದೆ. 98 ಊರುಗಳೂ ಸೇರಿ ಮುಂದಿನ ವರ್ಷ ಸೇವೆಗಳಿಗೆ ಒಟ್ಟು ಎಷ್ಟು ಖರ್ಚು ಮಾಡಬಹುದು, ಅನುದಾನ ಎಷ್ಟು ಎಂಬುದು ಅಲ್ಲಿ ನಿಗದಿಯಾಗುತ್ತದೆ. ಬಳಿಕ ಆ ಮಿತಿಯೊಳಗೆ ಯಾರು ಎಷ್ಟು ಎಂದು ಊರುಗಳು ತಮ್ಮತಮ್ಮಲ್ಲೇ ಹೊಂದಿಸಿಕೊಳ್ಳಬೇಕು. ಹಿಂದೆ ಇದು ಬಾಯಿಮಾತಿನ ಗೌರವದ ಮೇಲೆ ನಡೆಯುತ್ತಿತ್ತು, ಮಿತಿ ಮೀರುವುದೂ ಮಾಮೂಲಾಗಿತ್ತು. 2008ರ ಆರ್ಥಿಕ ಬಿಕ್ಕಟ್ಟಿನ ನಂತರ ಬಿಗಿ ಬಂತು; 2012ರಲ್ಲಿ ಬಜೆಟ್ ಕಾನೂನೇ ಆಯಿತು. ಒಟ್ಟು ಖರ್ಚು ಮಿತಿ ಮೀರಿದರೆ ಅನುದಾನದಲ್ಲಿ 300 ಕೋಟಿ ಕ್ರೋನರ್‌ವರೆಗೆ ಕಡಿತ. ಆ ದಂಡದ ಶೇ 60 ಮೀರಿದ ಊರಿನ ಮೇಲೆ, ಶೇ 40 ಎಲ್ಲರ ಮೇಲೆ. ಒಂದೂರಿನ ಮೇಯರ್ ದುಂದು ಮಾಡಿದರೆ ಪಕ್ಕದೂರಿನ ಮೇಯರ್ ಫೋನು ಮಾಡಿ ಕೇಳಲು ಕಾರಣ ಸಿಕ್ಕಂತಾಯಿತು. ತೆರಿಗೆ ದರಕ್ಕೂ ಬೇಲಿಯಿದೆ. ಊರುಗಳು ಒಟ್ಟಾಗಿ ತೆರಿಗೆ ಏರಿಸಿದರೆ ಸರ್ಕಾರ ಅನುದಾನದಲ್ಲಿ ಅದನ್ನು ಮುರಿದುಕೊಳ್ಳುತ್ತದೆ.

ಹಾಗಾದರೆ ಉಳಿದ ಸ್ವಾತಂತ್ರ್ಯವೇನು ಎಂದು ಅಲ್ಲಿನ ಟೀಕಾಕಾರರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಒಂದು ಲಾಭವನ್ನು ಅಲ್ಲಗಳೆಯಲಾಗದು. ಕೇಂದ್ರ ಮತ್ತು ಊರಿನ ನಡುವಿನ ಹಣದ ಲೆಕ್ಕ ವರ್ಷಕ್ಕೊಮ್ಮೆ ಬಹಿರಂಗವಾಗಿ, ಬರಹದಲ್ಲಿ ಆಗುತ್ತದೆ. ಹೊಸ ಕಾನೂನಿನಿಂದ ಊರಿನ ಕೆಲಸ ಹೆಚ್ಚಾದರೆ ಅದಕ್ಕೆ ತಕ್ಕ ಹಣವನ್ನೂ ಸರ್ಕಾರ ಕೊಡಬೇಕೆಂಬುದು ಆ ಲೆಕ್ಕದ ಒಂದು ಸಾಲು.

ಫಾರುಮ್‌ನ ಮೇಯರ್

ಬೇಲಿ ಯಾಕೆ ಬೇಕು ಎಂಬುದಕ್ಕೆ ಅಲ್ಲಿನವರು ಒಂದೇ ಹೆಸರು ಹೇಳುತ್ತಾರೆ, ಪೀಟರ್ ಬ್ರಿಕ್ಸ್‌ಟೋಫ್ಟೆ. ಕೋಪನ್‌ಹೇಗನ್ ಬಳಿಯ ಫಾರುಮ್ ಎಂಬ ಊರಿಗೆ ಅವರು ಹತ್ತಾರು ವರ್ಷ ಮೇಯರ್. ನಡುವೆ ಕೆಲಕಾಲ ದೇಶದ ತೆರಿಗೆ ಸಚಿವರೂ ಆಗಿದ್ದರು. ತೆರಿಗೆ ಕಡಿಮೆ, ಸೌಲಭ್ಯ ಹೇರಳ ಎಂಬ ಅವರ ಪವಾಡ ನೋಡಲು ಬೇರೆ ಊರಿನವರು ಬರುತ್ತಿದ್ದರು. ನಿವೃತ್ತರಿಗೆ ದಕ್ಷಿಣ ಯುರೋಪಿನ ಬಿಸಿಲಿನ ಪ್ರವಾಸ, ಊರಿಗೆ ಫುಟ್‌ಬಾಲ್ ಕ್ರೀಡಾಂಗಣ. ಗುಟ್ಟೇನೆಂದರೆ ಊರಿನ ಸಾರ್ವಜನಿಕ ಆಸ್ತಿಗಳನ್ನು ಹಣಕಾಸು ಕಂಪನಿಗಳಿಗೆ ಮಾರಿ, ಅವನ್ನೇ ಬಾಡಿಗೆಗೆ ಪಡೆದು, ಮಾರಿದ ಹಣದಲ್ಲಿ ಜಾತ್ರೆ ನಡೆದಿತ್ತು. 2002ರಲ್ಲಿ ‘ಬಿ.ಟಿ.’ ಪತ್ರಿಕೆ ಕೊಮ್ಯೂನಿನ ಲೆಕ್ಕದಲ್ಲಿ ಬಿದ್ದ ದುಬಾರಿ ವೈನಿನ ಬಿಲ್ಲುಗಳನ್ನು ಬಯಲಿಗೆಳೆಯಿತು. ಅಲ್ಲಿಂದ ಒಂದೊಂದೇ ಎಳೆ ಬಿಚ್ಚಿಕೊಂಡು ಮೇಯರ್‌ಗಿರಿ ಹೋಯಿತು. ಅಧಿಕಾರ ದುರ್ಬಳಕೆಗೆ ಜೈಲು ಶಿಕ್ಷೆಯಾಯಿತು. ಸಾಲ ತೀರಿಸಲು ಫಾರುಮ್‌ನವರ ತೆರಿಗೆ ಏರಿತು.

ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಮಾತಿಗೆ ಡೆನ್ಮಾರ್ಕ್ ಕೊಟ್ಟ ಉತ್ತರ ಗಮನಿಸುವಂಥದ್ದು. ಜಾತ್ರೆಯ ಬಿಲ್ಲು ದೇಶದ ಬೊಕ್ಕಸಕ್ಕೆ ಹೋಗಿ ಕರಗಲಿಲ್ಲ, ಅದೇ ಊರಿನವರ ಸಂಬಳದ ಚೀಟಿಗೆ ಬಂತು. ಕೊಮ್ಯೂನ್‌ಗಳು ಸಾಲ ಪಡೆಯಬಹುದಾದದ್ದು ಕಾನೂನು ಹೆಸರಿಸಿದ ಕೆಲಸಗಳಿಗೆ ಮಾತ್ರ, ಬಾಡಿಗೆಯ ವೇಷದ ಸಾಲವನ್ನೂ ಸಾಲವೆಂದೇ ಎಣಿಸಬೇಕು. ಹೆಚ್ಚಿನ ಸಾಲ ಕೊಡುವುದು 1898ರಷ್ಟು ಹಿಂದೆಯೇ ಹುಟ್ಟಿದ ‘ಕೊಮ್ಯೂನ್‌ಕ್ರೆಡಿಟ್’ ಎಂಬ ಸಹಕಾರಿ ಸಂಸ್ಥೆ. ಒಬ್ಬರ ಸಾಲಕ್ಕೆ ಎಲ್ಲ ಸದಸ್ಯ ಊರುಗಳೂ ಜಾಮೀನು. ಆದ್ದರಿಂದ ಬಡ್ಡಿ ಅಗ್ಗ.

ದೊಡ್ಡದಾದರೆ ಅಗ್ಗವೇ?

1970ರವರೆಗೆ ದೇಶದಲ್ಲಿ 1,300ಕ್ಕೂ ಹೆಚ್ಚು ಕೊಮ್ಯೂನ್‌ಗಳಿದ್ದವು. ಆ ವರ್ಷದ ಸುಧಾರಣೆ ಅವನ್ನು ಸುಮಾರು 275ಕ್ಕೆ ಇಳಿಸಿತು. 2007ರ ಜನವರಿ 1ರಂದು ಮತ್ತೊಂದು ವಿಲೀನವಾಗಿ 271 ಇದ್ದದ್ದು 98 ಆಯಿತು. ಸರಾಸರಿ ಜನಸಂಖ್ಯೆ 20 ಸಾವಿರದಿಂದ 55 ಸಾವಿರಕ್ಕೆ ಏರಿತು. ಕನಿಷ್ಠ 20 ಸಾವಿರ ಜನರಿರಬೇಕು ಎಂದು ಹೇಳಿ, ಜೋಡಿ ಹುಡುಕುವ ಕೆಲಸವನ್ನು ಊರುಗಳಿಗೇ ಬಿಡಲಾಯಿತು. ಬಹುತೇಕ ಮದುವೆಗಳು ಒಪ್ಪಿಗೆಯಿಂದಲೇ ಆದವು. ಸಾಲದ ಫಾರುಮ್‌ನೊಂದಿಗೆ ಸೇರಲು ಪಕ್ಕದ ವೆರ್ಲೋಸೆ ಮುಖ ತಿರುಗಿಸಿದಾಗ ಮಾತ್ರ ಹಿರಿಯ ರಾಜಕಾರಣಿ ಥೋರ್ಕಿಲ್ಡ್ ಸಿಮೊನ್ಸೆನ್ ಮಧ್ಯಸ್ಥಿಕೆ ವಹಿಸಬೇಕಾಯಿತು. ಲೆಸೋ, ಫಾನೋ, ಸಾಮ್ಸೋ, ಎರೋದಂಥ ದ್ವೀಪಗಳಿಗೆ ವಿನಾಯಿತಿ ಸಿಕ್ಕಿತು.

ಉಳಿತಾಯವಾಯಿತೇ? ಜೆನ್ಸ್ ಬ್ಲೋಮ್-ಹಾನ್ಸೆನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ ಸರ್ಕಾರಕ್ಕೆ ಹಿತವಾಗಿರಲಿಲ್ಲ. ಕಚೇರಿ ಖರ್ಚಿನಂಥ ಕೆಲವು ಬಾಬ್ತುಗಳಲ್ಲಿ ಉಳಿಯಿತು, ಬೇರೆಡೆ ಏರಿತು; ಒಟ್ಟಿನಲ್ಲಿ ಗಾತ್ರಕ್ಕೂ ಖರ್ಚಿಗೂ ವ್ಯವಸ್ಥಿತ ನಂಟು ಕಾಣಲಿಲ್ಲ. ಇನ್ನೊಂದು ನಷ್ಟವನ್ನು ಡೇವಿಡ್ ಲಾಸೆನ್ ಮತ್ತು ಸೋರೆನ್ ಸೆರಿಟ್ಸ್‌ಲೆವ್ 2011ರಲ್ಲೇ ಗುರುತಿಸಿದ್ದರು: ಊರು ದೊಡ್ಡದಾದಲ್ಲಿ, ಸ್ಥಳೀಯ ರಾಜಕೀಯ ತನಗೆ ಅರ್ಥವಾಗುತ್ತದೆ, ಅದರಲ್ಲಿ ತಾನೂ ಪಾಲ್ಗೊಳ್ಳಬಲ್ಲೆ ಎಂಬ ನಾಗರಿಕರ ಭರವಸೆ ಕುಗ್ಗಿತ್ತು. ದೊಡ್ಡ ಊರುಗಳು ದೊಡ್ಡ ಕೆಲಸಗಳನ್ನು ಹೊರಬಲ್ಲವು ಎಂಬುದು ನಿಜ. ಹಳ್ಳಿಯ ಶಾಲೆ ಮುಚ್ಚುವ ತೀರ್ಮಾನ ನಲವತ್ತು ಕಿಲೋಮೀಟರ್ ಆಚೆ ಆಗತೊಡಗಿದ್ದೂ ಅಷ್ಟೇ ನಿಜ.

ತೆರಿಗೆಯಿಲ್ಲದ ಚುನಾವಣೆ

2007ರಲ್ಲೇ ಇನ್ನೊಂದು ಪ್ರಯೋಗವೂ ನಡೆಯಿತು. ಅದುವರೆಗೆ ಆಸ್ಪತ್ರೆಗಳನ್ನು ನೋಡಿಕೊಳ್ಳುತ್ತಿದ್ದ ಜಿಲ್ಲಾ ಮಂಡಳಿಗಳನ್ನು ರದ್ದು ಮಾಡಿ ಐದು ‘ಪ್ರಾಂತ’ಗಳನ್ನು ಮಾಡಿದರು. ಹಳೆಯ ಜಿಲ್ಲಾ ಮಂಡಳಿ ಸುಮಾರು ಶೇ 12ರಷ್ಟು ಆದಾಯ ತೆರಿಗೆ ಹಾಕುತ್ತಿತ್ತು. ಹೊಸ ಪ್ರಾಂತಕ್ಕೆ ಚುನಾವಣೆ ಉಂಟು, ಸದಸ್ಯರುಂಟು, ಆಸ್ಪತ್ರೆಗಳ ಭಾರಿ ಹೊಣೆಯುಂಟು, ತೆರಿಗೆ ಮಾತ್ರ ಇಲ್ಲ. ಹಣವೆಲ್ಲ ಸರ್ಕಾರ ಮತ್ತು ಕೊಮ್ಯೂನ್‌ಗಳಿಂದ ಬರಬೇಕು.

ಪರಿಣಾಮ ಊಹಿಸಬಹುದು. ಒಂದೇ ದಿನ ಎರಡು ಮತಪತ್ರ ಕೈಗೆ ಬಂದಾಗ, ಊರಿನ ಮತಪತ್ರದ ಮೇಲೆ ಇರುವಷ್ಟು ಆಸ್ಥೆ ಪ್ರಾಂತದ್ದರ ಮೇಲಿರುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಾಲದಿದ್ದರೆ ಪ್ರಾಂತ ಸರ್ಕಾರದ ಕಡೆ ಬೆರಳು ತೋರಿಸುತ್ತದೆ, ಸರ್ಕಾರ ಪ್ರಾಂತದ ಕಡೆಗೆ. ಈ ಪ್ರಾಂತಗಳನ್ನು ರೂಪಿಸಿದ ಆಗಿನ ಒಳಾಡಳಿತ ಸಚಿವ ಲಾರ್ಸ್ ಲೊಕ್ಕೆ ರಾಸ್ಮುಸ್ಸೆನ್ ಅದಕ್ಕೂ ಮೊದಲು ಸ್ವತಃ ಒಂದು ಜಿಲ್ಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. 2019ರಲ್ಲಿ ಪ್ರಧಾನಿಯಾಗಿ ಅವರೇ ಪ್ರಾಂತಗಳ ಚುನಾಯಿತ ಮಂಡಳಿಗಳನ್ನು ಎತ್ತಿಹಾಕಲು ಹೊರಟರು. ಆ ವರ್ಷದ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡದ್ದರಿಂದ ಪ್ರಸ್ತಾಪ ಬಿದ್ದುಹೋಯಿತು. ಈಗ 2024ರ ರಾಜಕೀಯ ಒಪ್ಪಂದದಂತೆ ರಾಜಧಾನಿ ಸೀಮೆಯ ಎರಡು ಪ್ರಾಂತಗಳು ಸೇರಿ, 2027ರಿಂದ ಐದರ ಬದಲು ನಾಲ್ಕು ಉಳಿಯುತ್ತವೆ.

ಕೊಮ್ಯೂನ್‌ಗಳ ಗಾತ್ರ, ಮಿತಿ, ಸೂತ್ರ ಎಲ್ಲದರ ಮೇಲೂ ಅಲ್ಲಿ ಜಗಳ ನಡೆದಿದೆ, ನಡೆಯುತ್ತಲೂ ಇದೆ. ಅವು ಇರಬೇಕೇ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಒಂದೇ ದೇಶ, ಒಂದೇ ಮತದಾರ, ಒಂದೇ ಚುನಾವಣಾ ದಿನ. ಒಂದು ಸಂಸ್ಥೆ ಜನರ ಜೇಬಿಗೆ ಕೈ ಹಾಕುವ ಮುನ್ನ ಅವರ ಮುಖ ನೋಡಬೇಕು, ಇನ್ನೊಂದಕ್ಕೆ ಆ ಫಜೀತಿ ಇಲ್ಲ. ಊರಿಗೆ ಅನುದಾನ ಹೆಚ್ಚಿಸುವುದನ್ನೇ ಅಧಿಕಾರ ವಿಕೇಂದ್ರೀಕರಣ ಎನ್ನುವ ಯಾವ ಸರ್ಕಾರವೂ ಡೆನ್ಮಾರ್ಕ್‌ನ ಈ ಎರಡು ಮತಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಕೊಟ್ಟ ಹಣ ಎಷ್ಟೇ ಇರಲಿ, ಕೇಳಿ ಪಡೆದ ಹಣಕ್ಕಷ್ಟೇ ಜನ ಲೆಕ್ಕ ಕೇಳುತ್ತಾರೆ.